10 ಅಡಿ ಅಗಲದ ಹಾಲ್‌ಗೆ ಊಟದ ಮೇಜು: ಮಡಚುವುದೋ, ಬೆಂಚೋ, ಗಾಜಿನದೋ?

ಠಾಣೆಯ ಸೊಸೆ:

ಎಲ್ಲರಿಗೂ ನಮಸ್ಕಾರ. ಘೋಡ್‌ಬಂದರ್ ರೋಡಿನ ಹೊಸ ಕಟ್ಟಡದಲ್ಲಿ 1 ಬಿಎಚ್‌ಕೆ ಮನೆ. ಹಾಲ್ 10 ಅಡಿ ಅಗಲ, 14 ಅಡಿ 6 ಇಂಚು ಉದ್ದ. ಮುಂಬಾಗಿಲಿಂದ ಒಳಗೆ ಬಂದರೆ ಎದುರಿಗೆ ಬಾಲ್ಕನಿ. ಬಾಗಿಲು ಎಡಮೂಲೆಯಲ್ಲಿದೆ, ಅಡುಗೆಮನೆಗೂ ಬೆಡ್‌ರೂಮಿಗೂ ಹೋಗುವ ಪ್ಯಾಸೇಜು ಎಡಗೋಡೆಯಲ್ಲೇ. ಬಲಗೋಡೆಯಲ್ಲಿ ಬಾಲ್ಕನಿ ಕಡೆಯ 7 ಅಡಿ ಸೋಫಾ ತಿಂದಿದೆ, ಬಾಗಿಲ ಕಡೆಯ 15 ಇಂಚು ಚಪ್ಪಲಿ ಕಪಾಟಿಗೆ ಹೋಗಿದೆ. ನಡುವೆ ಉಳಿದಿರುವ ಬರಿಗೋಡೆ 75 ಇಂಚು.

ದಿನಾ ಊಟಕ್ಕೆ ನಾಲ್ಕು ಜನ. ಅದರಲ್ಲಿ ಅತ್ತೆಗೆ ಮೊಣಕಾಲು ನೋವು, ನೆಲದ ಮೇಲೆ ಮಣೆ ಹಾಕಿ ಕೂರುವುದು ಸಾಧ್ಯವಿಲ್ಲ. ಮಗಳಿಗೆ 7 ವರ್ಷ. ಹಬ್ಬಕ್ಕೆ ಆರು ಜನ ಆಗುತ್ತೇವೆ. ಮನೆಯವರಿಗೆ ಗೋಡೆಗೆ ಮಡಚುವ ಮೇಜು ಬೇಕು, ನನಗೆ ಗಾಜಿನ ಮೇಲ್ಮೈಯ ನಾಲ್ಕು ಸೀಟಿನದು ಇಷ್ಟ. ಅಂಗಡಿಯವರು 36 ಇಂಚಿನ ದುಂಡು ಮೇಜು ಜಾಗ ಉಳಿಸುತ್ತದೆ ಅನ್ನುತ್ತಾರೆ. ಲಿಫ್ಟ್ ಸಣ್ಣದು. ತಿಳಿದವರು ದಾರಿ ತೋರಿಸಿ.

ಟೇಪು ಹಿಡಿದವ:

ಅಳತೆ ಸರಿಯಾಗಿ ಕೊಟ್ಟಿದ್ದೀರಿ, ಅರ್ಧ ಕೆಲಸ ಮುಗಿಯಿತು. ಸಾಮಾನ್ಯವಾಗಿ ಜನ ಮೇಜಿನ ಅಳತೆ ಹಿಡಿದುಕೊಂಡು ಅಂಗಡಿಗೆ ಹೋಗುತ್ತಾರೆ, ಆದರೆ ಮನೆಯಲ್ಲಿ ಜಾಗ ನುಂಗುವುದು ಮೇಜಲ್ಲ, ಕುರ್ಚಿ. ಕುರ್ಚಿ ಹಿಂದಕ್ಕೆ ಎಳೆದು ಕೂರಲು ಮೇಜಿನ ಅಂಚಿನಿಂದ 24 ಇಂಚು ಬೇಕೇ ಬೇಕು. ಕೂತವರ ಬೆನ್ನ ಹಿಂದೆ ಇನ್ನೊಬ್ಬರು ಸಾರಿನ ಪಾತ್ರೆ ಹಿಡಿದು ಹಾಯಬೇಕೆಂದರೆ 36. ಒಬ್ಬರ ಮೊಣಕೈಗೆ 22ರಿಂದ 24 ಇಂಚು ಅಗಲ, ತಟ್ಟೆ ಲೋಟಕ್ಕೆ 12–14 ಇಂಚು ಆಳ. ಎದುರುಬದುರು ಕೂತು ನಡುವೆ ಅನ್ನದ ಪಾತ್ರೆಯನ್ನೂ ಇಡಬೇಕೆಂದರೆ ಮೇಜಿನ ಅಗಲ 28ಕ್ಕಿಂತ ಕಡಿಮೆ ಮಾಡಬಾರದು.

ಈಗ ನಿಮ್ಮ 75 ಇಂಚಿಗೆ ಇದನ್ನು ಹಚ್ಚಿ ನೋಡಿ. 36 ಇಂಚಿನ ದುಂಡು ಮೇಜಿಗೆ ಎರಡೂ ಕಡೆ 24 ಸೇರಿಸಿದರೆ 84, ಅಲ್ಲಿಗೆ ಅದು ಮುಗಿಯಿತು. ದುಂಡನ್ನು ಗೋಡೆಗೆ ತಾಗಿಸಿಟ್ಟರೆ ಒಂದು ಸೀಟು ಹೋಗುತ್ತದೆ, ಗೋಡೆಯ ಪಕ್ಕ ಎರಡು ಮೂಲೆ ಪೋಲಾಗುತ್ತವೆ. ದುಂಡು ಮೇಜು ಚೌಕ ಕೋಣೆಯ ನಡುವೆ ಚೆಂದ, ಓಣಿಯಂಥ ಹಾಲ್‌ಗಲ್ಲ. 48×30ರ ಮಾಮೂಲು ನಾಲ್ಕು ಸೀಟಿನದನ್ನು ಉದ್ದಕ್ಕೆ ಗೋಡೆಗೆ ಒತ್ತಿಟ್ಟರೆ ಹೊರಗಡೆ ಇಬ್ಬರು, ಒಂದು ತುದಿಗೆ ಒಬ್ಬರು. ನಾಲ್ಕನೆಯವರು ಸೋಫಾದ ಕೈ ಮೇಲೆ! ಅಡ್ಡಲಾಗಿ, ಅಂದರೆ ಕಿರು ಬದಿ ಗೋಡೆಗೆ ತಾಗಿಸಿ ಇಟ್ಟರೆ 24+30+24, ಒಟ್ಟು 78. ಮೂರು ಇಂಚಿಗೆ ತಪ್ಪಿತು.

ಹಾಗಾಗಿ ಗೋಡೆಯ ಕಡೆ ಕುರ್ಚಿ ಬೇಡ, ಬೆಂಚು ಹಾಕಿ. ಬೆಂಚನ್ನು ಹಿಂದಕ್ಕೆ ಎಳೆಯುವ ಪ್ರಶ್ನೆಯೇ ಇಲ್ಲ, ಪಕ್ಕದಿಂದ ಜಾರಿ ಕೂತರಾಯಿತು. ಬೆಂಚಿನ ಆಳ 14, ಗೋಡೆಯಿಂದ 1 ಇಂಚು ಸಂದು, ಮೇಜು 28, ಹೊರಗಡೆ ಕುರ್ಚಿಗೆ 24. ಒಟ್ಟು 67. ನಿಮ್ಮ 120 ಇಂಚಿನ ಅಗಲದಲ್ಲಿ 53 ಇಂಚು ದಾರಿ ಉಳಿಯಿತು, ಅಡುಗೆಮನೆಗೆ ಓಡಾಟಕ್ಕೆ ಧಾರಾಳ. 48 ಇಂಚು ಉದ್ದದಲ್ಲಿ ಬೆಂಚಿಗೆ ಇಬ್ಬರು, ಕುರ್ಚಿಗೆ ಇಬ್ಬರು. ಚಪ್ಪಲಿ ಕಪಾಟಿನ ಕಡೆ 27 ಇಂಚು ಖಾಲಿ ಉಳಿಯುತ್ತದಲ್ಲ, ಬೆಂಚಿಗೆ ನುಸುಳುವ ದಾರಿ ಅದೇ.

ಕೊಳ್ಳುವ ಮುಂಚೆ ನೆಲದ ಮೇಲೆ ಮಾಸ್ಕಿಂಗ್ ಟೇಪಿನಿಂದ ಈ ಆಕಾರಗಳನ್ನು ಬರೆದು ಒಂದು ವಾರ ಬಿಡಿ. ಎಳೆದ ಕುರ್ಚಿಯ ಗೆರೆಯನ್ನೂ ಬರೆಯಿರಿ. ಬಾಗಿಲು ತೆರೆದಾಗ, ಸಿಲಿಂಡರ್ ಒಳಗೆ ಬಂದಾಗ ಎಲ್ಲಿ ಕಾಲು ತಾಗುತ್ತದೆ ಅನ್ನುವುದು ಆಗ ತಿಳಿಯುತ್ತದೆ.

ಧಾರವಾಡ ಟು ಕೋಥ್ರೂಡ್:

ಮ್ಯಾಲಿನವರ ಲೆಕ್ಕ ಖರೇ ಅದ. ಆದ್ರ ಅತ್ತಿಯವರನ್ನ ಬೆಂಚಿನ ಮ್ಯಾಲೆ ಕೂಡಿಸಬ್ಯಾಡ್ರಿ ಮತ್ತ. ಮೊಣಕಾಲು ನೋವಿದ್ದವರು ಏಳಬೇಕಾದ್ರ ಎರಡೂ ಕೈ ಊರಾಕ ಏನರ ಬೇಕು. ಬೆಂಚಿಗೆ ಕೈ ಇರಂಗಿಲ್ಲ, ಹಂಗಾಗಿ ಮೇಜಿನ ಅಂಚು ಹಿಡಕೊಂಡು ಏಳ್ತಾರ, ಹಗುರ ಮೇಜು ಇದ್ರ ಅದೇ ಅವರ ಮ್ಯಾಲೆ ವಾಲತದ. ಹೊರಗಿನ ಬದಿಗೆ, ಪ್ಯಾಸೇಜಿಗೆ ಹತ್ತಿರ ಇರೋ ಕುರ್ಚಿ ಅವರದು ಅಂತ ಮೊದಲೇ ಗೊತ್ತು ಮಾಡ್ರಿ, ಅದೊಂದು ಕುರ್ಚಿ ಕೈ ಇರೋದು ತಗೊಳ್ರಿ.

ಇದರಾಗ ಎರಡು ಅಳತಿ ಮುಖ್ಯ. ಸೀಟು ನೆಲದಿಂದ 18–19 ಇಂಚು ಇರಬೇಕು, ಮೆತ್ತಗ ಕುಸಿಯೋ ಗಾದಿ ಬ್ಯಾಡ. ಬರೇ 16 ಇಂಚಿನ ಕುರ್ಚಿ ಕೊಟ್ರ ಮೊಣಕಾಲು ಪೂರಾ ಮಡಚತದ, ಏಳೋದು ಕಷ್ಟ ಆಗತದ. ಇನ್ನೊಂದು, ಕುರ್ಚಿಯ ಕೈ ಮೇಜಿನ ಕೆಳಗ ಹೋಗಬೇಕು. ಮೇಜು 30 ಇಂಚು ಎತ್ತರ ಇದ್ರೂ ಕೆಳಗ ಚೌಕಟ್ಟು ಇರತದ ನೋಡ್ರಿ, ಅಲ್ಲಿ 27 ಅಥವಾ 27½ ಉಳಿತದ. ಕೆಲವು ಮೇಜಿಗೆ 4 ಇಂಚಿನ ಪಟ್ಟಿ ಇಳಿಬಿಟ್ಟಿರತಾರ, ಆಗ 25ಕ್ಕ ಬರತದ. ಕೈ 26 ಇಂಚಿನದು ಇದ್ರ ಕುರ್ಚಿ ಒಳಗ ಹೋಗಂಗಿಲ್ಲ, ಇಡೀ ದಿನ ದಾರಿಯೊಳಗ ನಿಂತಿರತದ. ಮೇಜು ಒಂದು ಅಂಗಡಿಯೊಳಗ, ಕುರ್ಚಿ ಇನ್ನೊಂದರಾಗ ತಗೊಳ್ಳೋರು ಟೇಪು ಕಿಸೆದಾಗ ಇಟ್ಕೊಂಡೇ ಹೋಗ್ರಿ.

ಯಾರಾದ್ರೂ ಎತ್ತರದ ಬಾರ್ ಕೌಂಟರ್ ಮಾಡ್ರಿ ಅಂದ್ರ ಕಿವಿಗೆ ಹಾಕ್ಕೋಬ್ಯಾಡ್ರಿ. ಅತ್ತಿ ಹತ್ತಂಗಿಲ್ಲ, ಮಗಳು ಇಳಿಯಂಗಿಲ್ಲ.

ಗಿಟ್ಟಿ ಮತ್ತು ಸ್ಕ್ರೂ:

ಗೋಡೆಗೆ ಮಡಚುವ ಮೇಜಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಅದು ಕೆಟ್ಟದ್ದೇನಲ್ಲ. ಇಬ್ಬರಿಗೆ, 60–70 ಸೆಂಮೀ ಅಗಲದ ಪಲಕ, ಗಟ್ಟಿ ಗೋಡೆ, ಇಷ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ನಿಮ್ಮ ಸಮಸ್ಯೆ ಗೋಡೆ.

ಠಾಣೆ, ನವಿ ಮುಂಬೈಯ ಹೊಸ ಕಟ್ಟಡಗಳಲ್ಲಿ ಎರಡು ಬಗೆ ಹೆಚ್ಚು. ಒಂದು, ಅಲ್ಯುಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಪೂರ್ಣ ಕಾಂಕ್ರೀಟ್ ಗೋಡೆ, ಬಡಗಿಗಳು ಮಿವಾನ್ ಅನ್ನುತ್ತಾರೆ. ಎರಡು, ಹಗುರ ಬ್ಲಾಕಿನ ಗೋಡೆ, ಎಎಸಿ ಬ್ಲಾಕ್, ಬಾಯಿಮಾತಿನಲ್ಲಿ ಸಿಪೋರೆಕ್ಸ್. ಕಂಡುಹಿಡಿಯುವುದು ಸುಲಭ. ಚಪ್ಪಲಿ ಕಪಾಟಿನ ಹಿಂದೆ ಕಾಣದ ಕಡೆ 6 ಎಂಎಂ ಬಿಟ್ಟಿನಿಂದ ಒಂದು ತೂತು ಕೊರೆಯಿರಿ. ಪ್ಲಾಸ್ಟರ್ ದಾಟಿದ ಮೇಲೆ ಬಿಟ್ಟು ಬೆಣ್ಣೆಯಲ್ಲಿ ಇಳಿದಂತೆ ಇಳಿದು ಬೂದು-ಬಿಳಿ ಪುಡಿ ಬಂದರೆ ಬ್ಲಾಕ್. ಕೆಂಪು ಪುಡಿ ಬಂದರೆ ಇಟ್ಟಿಗೆ. ಹ್ಯಾಮರ್ ಹಾಕದೆ ಮುಂದಕ್ಕೇ ಹೋಗದಿದ್ದರೆ ಕಾಂಕ್ರೀಟ್. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಕೊರೆಯಬೇಡಿ, ವೈರಿನ ಪೈಪು ಅಲ್ಲೇ ಇರುತ್ತದೆ.

ಬ್ಲಾಕ್ ಗೋಡೆಯಲ್ಲಿ ಏನು ಕೆಡುತ್ತದೆ? ಮಾಮೂಲು ಮಡಚುವ ಬ್ರಾಕೆಟ್ಟಿನ ಗೋಡೆಗೆ ಕೂರುವ ಭಾಗ ಸುಮಾರು 6 ಇಂಚು ಮಾತ್ರ. ಪಲಕ ಹೊರಗೆ 24 ಇಂಚು ಚಾಚಿದೆ ಅಂದುಕೊಳ್ಳಿ. ಅದರ ಅಂಚಿನ ಮೇಲೆ ಯಾರೋ 40 ಕಿಲೋ ಭಾರ ಬಿಟ್ಟು ಎದ್ದರೆ ಮೇಲಿನ ಸ್ಕ್ರೂಗಳ ಮೇಲೆ ಬೀಳುವ ಎಳೆತ 40×24÷6, ಅಂದರೆ 160 ಕಿಲೋ. ಎರಡು ಬ್ರಾಕೆಟ್ಟಿಗೆ ಹಂಚಿದರೂ ತಲಾ 80. ಕಾಂಕ್ರೀಟಿನಲ್ಲಿ ಸರಿಯಾದ ಆಂಕರ್ ಇದನ್ನು ಹೊರುತ್ತದೆ. ಬ್ಲಾಕಿನಲ್ಲಿ ಸಣ್ಣ ಪ್ಲಾಸ್ಟಿಕ್ ಗಿಟ್ಟಿ (ಸ್ಕ್ರೂ ಕಚ್ಚಲು ತೂತಿಗೆ ತುರುಕುವ ಪ್ಲಗ್) ಹಾಕಿದ್ದರೆ ಮೊದಲ ದಿನವೇ ಬೀಳುವುದಿಲ್ಲ. ತೂತು ದಿನದಿನಕ್ಕೆ ದೊಡ್ಡದಾಗುತ್ತಾ ಹೋಗಿ ಒಂದು ದಿನ ಪ್ಲಾಸ್ಟರ್ ಸಮೇತ ಕಿತ್ತು ಬರುತ್ತದೆ, ಬಹುಮಟ್ಟಿಗೆ ಮೇಲೆ ಬಿಸಿ ಸಾರು ಇರುವಾಗಲೇ. ಕಾಂಕ್ರೀಟಿಗೆ ಹಾಕುವ ಕಬ್ಬಿಣದ ಎಕ್ಸ್‌ಪಾನ್ಶನ್ ಬೋಲ್ಟ್ ಇಲ್ಲಿ ಇನ್ನೂ ಕೆಟ್ಟದು. ಅದು ಹಿಗ್ಗಿದಾಗ ಸುತ್ತಲಿನ ಬ್ಲಾಕೇ ಪುಡಿಯಾಗುತ್ತದೆ.

ಹಟ ಹಿಡಿದು ಮಾಡಲೇಬೇಕೆಂದರೆ ಮೊದಲು ಗೋಡೆಗೆ 19 ಎಂಎಂ ಪ್ಲೈನ ಉದ್ದ ಹಲಗೆಯನ್ನು 10×100 ಎಂಎಂನ ಉದ್ದ ನೈಲಾನ್ ಪ್ಲಗ್ಗಿನಿಂದ ಏಳೆಂಟು ಕಡೆ ಬಿಗಿದು, ಬ್ರಾಕೆಟ್ಟನ್ನು ಆ ಹಲಗೆಗೆ ಹಾಕಬೇಕು. ಆಗ ಎಳೆತ ಹಂಚಿಹೋಗುತ್ತದೆ. ಹಲಗೆ ಎತ್ತರವಾಗಿದ್ದಷ್ಟೂ ಒಳ್ಳೆಯದು. ಅಥವಾ ಪಲಕದ ಹೊರತುದಿಗೆ ಮಡಚುವ ಒಂದು ಕಾಲು ಕೊಡಿ, ಭಾರ ನೆಲಕ್ಕೆ ಹೋಗಲಿ. ಆದರೆ ಅಷ್ಟೆಲ್ಲ ಮಾಡಿದ ಮೇಲೂ ನಾಲ್ಕು ಕುರ್ಚಿ ಎಲ್ಲಿಡುತ್ತೀರಿ? ಮೇಜು ಮಡಚಿತು ಅಂತ ಕುರ್ಚಿ ಮಾಯವಾಗುವುದಿಲ್ಲವಲ್ಲ.

ರೆಡಿಮೇಡ್ ನೋಡುವುದಾದರೆ ಗೋಡೆಗೆ ಅಂಟದ ಮಡಚುವ ಮೇಜು ಲೇಸು. ಐಕಿಯಾದ ನೋರ್ಡೆನ್ ಮಾದರಿ ಇದಕ್ಕೆ ಒಳ್ಳೆಯ ಉದಾಹರಣೆ: ಅಗಲ 80 ಸೆಂಮೀ, ಮಡಚಿದಾಗ ದಪ್ಪ 26 ಸೆಂಮೀ, ಒಂದು ರೆಕ್ಕೆ ಎತ್ತಿದರೆ ಉದ್ದ 89, ಎರಡೂ ಎತ್ತಿದರೆ 152. ರೆಕ್ಕೆಯ ಕೆಳಗೆ ಬಾಗಿಲಿನ ಹಾಗೆ ತಿರುಗುವ ಕಾಲು ಬರುತ್ತದೆ. ಅಂಥದ್ದರಲ್ಲಿ ಕೂರುವಾಗ ಆ ಕಾಲು ಮೊಣಕಾಲಿಗೆ ತಾಗುತ್ತದೆಯೇ ಅಂತ ಅಂಗಡಿಯಲ್ಲೇ ಕೂತು ನೋಡಿ.

ಮಡಗಾಂವ್ ಮಳೆ:

ಗೋವಾದಿಂದ ಒಂದು ಮಾತು, ಮುಂಬೈಗೂ ಅಷ್ಟೇ ಅನ್ವಯ. ಆಕಾರ ಯಾವುದಾದರೂ ಇರಲಿ, ಮರದ ಚೂರನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಬೇಡ. ಆನ್‌ಲೈನಿನಲ್ಲಿ ‘ಎಂಜಿನಿಯರ್ಡ್ ವುಡ್’ ಅಂತಷ್ಟೇ ಬರೆದಿದ್ದರೆ ಅದು ಬಹುಪಾಲು ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ). ಊಟದ ಮೇಜನ್ನು ದಿನಕ್ಕೆ ಮೂರು ಸಲ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಅಂಚಿನ ಪಟ್ಟಿ ಒಂದು ಕಡೆ ಎದ್ದರೆ ಸಾಕು, ಅಲ್ಲಿಂದ ನೀರು ಹೀರಿ ಅಂಚು ಊದುತ್ತದೆ. ಒಣಗಿದ ಮೇಲೂ ಊತ ಇಳಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರಿನ ತೇವದಲ್ಲಿ ಕಾಲಿನ ಸ್ಕ್ರೂ ಹಿಡಿತವೂ ಸಡಿಲವಾಗುತ್ತದೆ, ಒಮ್ಮೆ ಬಿಚ್ಚಿ ಹಾಕಿದ ತೂತಿನಲ್ಲಿ ಸ್ಕ್ರೂ ಮತ್ತೆ ಕಚ್ಚುವುದೂ ಇಲ್ಲ. ಬಾಡಿಗೆ ಮನೆ ಬದಲಿಸುವವರಿಗೆ ಇದು ದೊಡ್ಡ ತೊಂದರೆ.

ಪ್ಲೈ ಆದರೆ ಐಎಸ್ 710 ಗುರುತಿನದು, ಅಂದರೆ ನೀರು ತಡೆಯುವ ಮರೀನ್ ಪ್ಲೈ ತಗೊಳ್ಳಿ. ಮೇಲೆ ಸನ್ಮೈಕಾ ಹಚ್ಚಿದರೆ ಕೆಳಗೂ ಹಚ್ಚಲೇಬೇಕು. ಕೆಳಗೆ ಬರೀ ಬಣ್ಣ ಬಳಿದು ಬಿಟ್ಟರೆ ಒಂದು ಮೈ ತೇವ ಹೀರುತ್ತದೆ, ಇನ್ನೊಂದು ಹೀರುವುದಿಲ್ಲ. ಪಲಕ ಬಿಲ್ಲಿನಂತೆ ಬಾಗುತ್ತದೆ. ಕೆಳಗಿನದು ತೆಳ್ಳಗಿನ, ಅಗ್ಗದ ಸನ್ಮೈಕಾ ಆದರೂ ನಡೆಯುತ್ತದೆ. ಬಣ್ಣ ಆರಿಸುವಾಗ ಅಚ್ಚ ಬಿಳಿ ಮ್ಯಾಟ್ ಬೇಡ, ಅರಿಶಿನದ ಕಲೆ ಉಳಿಯುತ್ತದೆ.

ಗಟ್ಟಿ ಮರವೇ ಬೇಕೆಂದರೆ ಸಾಗವಾನಿ ಎಲ್ಲಕ್ಕಿಂತ ನಿಶ್ಚಿಂತೆ, ಬೆಲೆಯೂ ಹಾಗೇ. ಶೀಶಮ್ ಅಂತ ಮಾರುವುದರಲ್ಲಿ ಬಣ್ಣ ಬಳಿದ ಮಾವು, ಅಕೇಶಿಯಾ ಸೇರಿರುತ್ತವೆ. ಮೇಜನ್ನು ಮಗುಚಿ ಪಾಲಿಶ್ ತಾಗದ ಜಾಗ ನೋಡಿ. ಅಲ್ಲಿ ಬಿಳಿ ಪಟ್ಟೆ ಕಂಡರೆ ಅದು ಮರದ ಹೊರಭಾಗ, ಹುಳ ಮೊದಲು ಹಿಡಿಯುವುದು ಅಲ್ಲೇ. ನೆಲದ ಮೇಲೆ ರವೆಗಿಂತ ನುಣ್ಣಗಿನ ಪುಡಿ ಉದುರತೊಡಗಿದರೆ ಹುಳ ಒಳಗಿದೆ ಅಂತ ಅರ್ಥ. ರಬ್ಬರ್‌ವುಡ್ ಸಂಸ್ಕರಿಸಿದ್ದಾದರೆ ಬಳಸಬಹುದು, ಪಾಲಿಶ್ ಕಿತ್ತ ಕಡೆ ಮಾತ್ರ ತೇವ ಕುಡಿದು ಕಪ್ಪಾಗುತ್ತದೆ. ಗಟ್ಟಿ ಮರದ ಪಲಕ ಮಳೆಗಾಲದಲ್ಲಿ ಅಡ್ಡಕ್ಕೆ ಕೆಲವು ಮಿಲಿಮೀಟರ್ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಚೌಕಟ್ಟಿಗೆ ಸ್ಕ್ರೂ ಹಾಕುವ ತೂತು ದುಂಡಗಿರದೆ ಉದ್ದನೆಯದಾಗಿರಬೇಕು, ಇಲ್ಲವಾದರೆ ಜೋಡಣೆಯ ಗೆರೆಯಲ್ಲೇ ಸೀಳುತ್ತದೆ.

ಮಾರ್ಬಲ್ ಬಗ್ಗೆ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಹುಳಿ, ನಿಂಬೆ, ಕೋಕಂ ತಿನ್ನುವ ಮನೆಗೆ ಅದು ಸಲ್ಲ. ಹುಳಿ ಬಿದ್ದ ಕಡೆ ಹೊಳಪು ಕರಗಿ ಹೋಗುತ್ತದೆ.

ಠಾಣೆಯ ಸೊಸೆ:

ಎಲ್ಲರಿಗೂ ತುಂಬ ಧನ್ಯವಾದ. ಕಪಾಟಿನ ಹಿಂದೆ ಕೊರೆಸಿ ನೋಡಿದೆವು, ಬೂದು-ಬಿಳಿ ಪುಡಿಯೇ ಬಂತು. ಮಡಚುವ ಮೇಜಿನ ಮಾತು ಮನೆಯಲ್ಲಿ ಅಲ್ಲಿಗೇ ನಿಂತಿದೆ. ಇನ್ನು ಎರಡು ಪ್ರಶ್ನೆ. ಗಾಜನ್ನು ಪೂರಾ ಬಿಡಬೇಕೇ? ಬೆಂಚು ಹಾಕಿದರೆ ಹಬ್ಬಕ್ಕೆ ಆರು ಜನ ಕೂರುವುದು ಹೇಗೆ? ಬಡಗಿಯ ಕೈಲೇ ಮಾಡಿಸುವ ಯೋಚನೆ ಇದೆ, ಬೆಂಚಿನ ಕೆಳಗೆ ಸಾಮಾನಿಡುವ ಪೆಟ್ಟಿಗೆಯೂ ಬೇಕು ಅಂತ ಅತ್ತೆಯವರ ಆಸೆ.

ಗಿಟ್ಟಿ ಮತ್ತು ಸ್ಕ್ರೂ:

ಗಾಜಿಗೆ ಉತ್ತರ ನನ್ನದು. ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ 2.5 ಕಿಲೋ ತೂಗುತ್ತದೆ. 48×28 ಇಂಚಿನ 12 ಎಂಎಂ ಗಾಜು ಹೆಚ್ಚುಕಡಿಮೆ 26 ಕಿಲೋ. ಅದೇ ಅಳತೆಯ 19 ಎಂಎಂ ಪ್ಲೈ ಎರಡೂ ಕಡೆ ಸನ್ಮೈಕಾ ಸೇರಿ ಅದರ ಅರ್ಧ. ಟಫನ್ಡ್ ಗಾಜನ್ನು ಒಮ್ಮೆ ಕಾಯಿಸಿದ ಮೇಲೆ ಕತ್ತರಿಸಲಾಗುವುದಿಲ್ಲ, ತೂತೂ ಕೊರೆಯಲಾಗುವುದಿಲ್ಲ. ಅಂದರೆ ಹಬ್ಬಕ್ಕೆ ಮೇಜು ಉದ್ದ ಮಾಡಲು ಹೆಚ್ಚುವರಿ ರೆಕ್ಕೆ ಜೋಡಿಸುವ ಉಪಾಯ ಗಾಜಿಗೆ ಒಗ್ಗದು. ಅದರ ಮೈ ಗಟ್ಟಿ, ಅಂಚು ಮತ್ತು ಮೂಲೆ ಸೂಕ್ಷ್ಮ. ಸ್ಟೀಲ್ ಪಾತ್ರೆ ಮೂಲೆಗೆ ಬಡಿದರೆ ಇಡೀ ಹಾಳೆ ಚೂರಾಗಬಹುದು. ಇಷ್ಟಾದರೂ ಬೇಕೆಂದರೆ ಪ್ಲೈ ಮೇಜಿನ ಮೇಲೆ 5 ಎಂಎಂ ಟಫನ್ಡ್ ಹಾಸಿಕೊಳ್ಳಿ, ಕೆಳಗೆ ಪಾರದರ್ಶಕ ಬಟನ್ ಅಂಟಿಸಿ. ನಡುವೆ ನೀರು ನಿಂತು ಮಚ್ಚೆಯಾಗುತ್ತದೆ, ಆಗಾಗ ಎತ್ತಿ ಒರೆಸುವ ಕೆಲಸ ನಿಮ್ಮದು.

ಟೇಪು ಹಿಡಿದವ:

ಆರು ಜನಕ್ಕೆ: ಮೇಜು 48 ಇಂಚೇ ಇರಲಿ, ಚಪ್ಪಲಿ ಕಪಾಟಿನ ಕಡೆ ತುದಿಗೆ 12 ಇಂಚಿನ ಇಳಿರೆಕ್ಕೆ ಕೊಡಿ. ಎತ್ತಿದರೆ 60. ಬೆಂಚನ್ನು ಮಾತ್ರ ಮೊದಲೇ 60 ಇಂಚು ಮಾಡಿಸಿ. ಬೆಂಚಿಗೆ ಮೂವರು, ಎದುರಿಗೆ ಮೂವರು, ತಲೆಗೆ 20 ಇಂಚು. ಸ್ವಲ್ಪ ಒತ್ತಾಗುತ್ತದೆ, ಹಬ್ಬದ ದಿನ ನಡೆಯುತ್ತದೆ. ರೆಕ್ಕೆ ಎತ್ತಿದಾಗ ಪಕ್ಕದ ದಾರಿ 15 ಇಂಚಿಗೆ ಇಳಿಯುವುದರಿಂದ ಬೆಂಚಿನವರು ಕೂತ ಮೇಲೆ ರೆಕ್ಕೆ ಎತ್ತಬೇಕು. ಕುರ್ಚಿ ಬದಿಯ ಹೆಚ್ಚಿನ ಒಂದು ಆಸನಕ್ಕೆ ಮಡಚುವ ಕುರ್ಚಿ ಬೇಡ, ಬೆನ್ನಿಲ್ಲದ ಸ್ಟೂಲ್ ಸಾಕು, ಮೇಜಿನ ಕೆಳಗೇ ಇರುತ್ತದೆ.

ಬಡಗಿಗೆ ಹೀಗೆ ಹೇಳಿ. 8×4ರ 6 ಸೂತಿನ, ಅಂದರೆ 19 ಎಂಎಂ ಪ್ಲೈ ಒಂದೇ ಹಾಳೆ ಸಾಕು. ಉದ್ದಕ್ಕೆ 60 ಇಂಚು ಹಿಡಿದು 28 ಅಗಲದ್ದೊಂದು, 14 ಅಗಲದ್ದೊಂದು ಪಟ್ಟಿ ತೆಗೆಯಲಿ. 28ರದ್ದನ್ನು ಸನ್ಮೈಕಾ ಹಚ್ಚಿದ ಮೇಲೆ 48+12 ಅಂತ ಕತ್ತರಿಸಿದರೆ ಮೇಜಿನಿಂದ ರೆಕ್ಕೆಗೆ ಮರದ ಗೆರೆ ತಪ್ಪದೆ ಸಾಗುತ್ತದೆ. ಎರಡು ಬೇರೆ ತುಂಡಿಗೆ ಬೇರೆ ಬೇರೆ ಹಚ್ಚಿದರೆ ಗೆರೆ ಎಂದೂ ಕೂಡುವುದಿಲ್ಲ. 14ರದ್ದು ಬೆಂಚಿನ ಮೇಲ್ಭಾಗ. ಇವುಗಳ ಪಕ್ಕದಲ್ಲಿ 6 ಇಂಚಿಗೆ ಸ್ವಲ್ಪ ಕಡಿಮೆ ಅಗಲದ ಉದ್ದ ಪಟ್ಟಿ ಉಳಿಯುತ್ತದೆ, ಅದನ್ನು ಬೆಂಚಿನ ಕೆಳಗೆ ಉದ್ದಕ್ಕೆ ನಿಲ್ಲಿಸಿ ಹಾಕಲಿ. ಹಾಳೆಯ ಉಳಿದ 36×48 ತುಂಡಿನಲ್ಲಿ ಬೆಂಚಿನ ಮೂರು ಆಧಾರ ಹಲಗೆ, 17×14ರವು. ಮೂರು ಯಾಕೆ ಅಂದರೆ 60 ಇಂಚಿನ ಬೆಂಚಿಗೆ ಎರಡೇ ಆಧಾರ ಕೊಟ್ಟರೆ ನಡುವೆ ಕೂತವರ ಭಾರಕ್ಕೆ ಜಗ್ಗುತ್ತದೆ. ಸೀಟಿನ ಎತ್ತರ 18ರ ಆಚೀಚೆ ಬರುತ್ತದೆ, ಮೇಜು 30. ನಡುವೆ 12 ಇಂಚು, ಸರಿಯಾದ ಲೆಕ್ಕ.

ಪೆಟ್ಟಿಗೆಯ ಆಸೆ ಬಿಡಿ ಅಂತ ಅತ್ತೆಯವರಿಗೆ ಹೇಳಿ. ಮುಚ್ಚಿದ ಪೆಟ್ಟಿಗೆಯಾದರೆ ಹಿಮ್ಮಡಿ ಹಿಂದಕ್ಕೆ ಹೋಗುವುದಿಲ್ಲ, ಸಾಮಾನು ತೆಗೆಯಲು ಪ್ರತಿಸಲ ಮೇಜು ಎಳೆಯಬೇಕು, ಮಳೆಗಾಲದಲ್ಲಿ ಒಳಗೆ ಬೂಷ್ಟು. ತೆರೆದ ಬೆಂಚಿನ ಕೆಳಗೆ ಎರಡು ಬುಟ್ಟಿ ತಳ್ಳಿಟ್ಟರೆ ಅದೇ ಕೆಲಸ ಆಗುತ್ತದೆ, ಕಸಬರಿಗೆಯೂ ಆಡುತ್ತದೆ. ಬೆನ್ನು ತಾಗುವ ಗೋಡೆಗೆ ಸನ್ಮೈಕಾದ ತುಂಡೊಂದನ್ನು ಅಂಟಿಸಿ, ಇಲ್ಲವಾದರೆ ತಲೆಯೆಣ್ಣೆಯ ಗುರುತು ಬಣ್ಣದ ಮೇಲೆ ಕೂರುತ್ತದೆ.

ಮೇಜಿನ ಕಾಲು ಒಂದೂವರೆ ಇಂಚಿನ ಚೌಕ ಎಂಎಸ್ (ಮಾಮೂಲು ಉಕ್ಕಿನ) ಪೈಪು, 16 ಗೇಜ್, ಪೌಡರ್ ಕೋಟಿಂಗ್. ಎರಡು ಬದಿಗೆ ಎರಡು ಚೌಕಟ್ಟು, ನಡುವೆ ಎರಡು ಅಡ್ಡಪೈಪು, ಎಲ್ಲ ಬೋಲ್ಟಿನಲ್ಲಿ ಬಿಚ್ಚುವಂತಿರಲಿ. ಲಿಫ್ಟಿನಲ್ಲಿ ಸಿಕ್ಕಿಕೊಳ್ಳುವುದು ಪಲಕವಲ್ಲ, ಒಟ್ಟಿಗೆ ವೆಲ್ಡ್ ಮಾಡಿದ ಕಾಲು. ಪಲಕಕ್ಕೆ ನೇರ ಸ್ಕ್ರೂ ಬೇಡ, ಕೆಳಗಿನಿಂದ ಎಂ8 ಇನ್ಸರ್ಟ್ ನಟ್ (ಮರದೊಳಗೆ ಕೂರುವ, 8 ಎಂಎಂ ಬೋಲ್ಟಿನ ಲೋಹದ ನಟ್) ಕೂರಿಸಿದರೆ ಎಷ್ಟು ಸಲ ಬಿಚ್ಚಿದರೂ ತೂತು ಸವೆಯುವುದಿಲ್ಲ. ಎಂ8 ಬೋಲ್ಟಿನ ಉದ್ದ ಮಾತ್ರ ಅಳೆದು ತರಲಿ, ಉದ್ದವಾದರೆ ಮೇಲಿನ ಸನ್ಮೈಕಾವನ್ನು ಒಳಗಿನಿಂದ ಎತ್ತಿಬಿಡುತ್ತದೆ.

ಕಾಲಿನ ಜಾಗದಲ್ಲಿ ಬಡಗಿಗಳು ಎಡವುತ್ತಾರೆ. ಚೆಂದಕ್ಕೆ ಅಂತ ಎರಡೂ ಕಡೆ 6 ಇಂಚು ಒಳಗೆ ಹಾಕುತ್ತಾರೆ. ರೆಕ್ಕೆಯಿರುವ ಕಡೆ ಹಾಗೆ ಮಾಡಿದರೆ ಕಾಲಿನಿಂದಾಚೆ 18 ಇಂಚು ಗಾಳಿಯಲ್ಲಿ ನಿಲ್ಲುತ್ತದೆ, ಮಗು ತುದಿಗೆ ಜೋತುಬಿದ್ದರೆ ಇಡೀ ಮೇಜು ಏಳುತ್ತದೆ. ರೆಕ್ಕೆಯ ಕಡೆಯ ಕಾಲು ಅಂಚಿನಿಂದ 2 ಇಂಚಿನೊಳಗೇ ಇರಲಿ, ಸೋಫಾ ಕಡೆಯದು 6 ಇಂಚು ಒಳಗಿದ್ದರೆ ನಡೆಯುತ್ತದೆ. ರೆಕ್ಕೆಗೆ ಪಿಯಾನೋ ಹಿಂಜ್, ಅಗಲದ ಉದ್ದಕ್ಕೂ. ಕೆಳಗಿನಿಂದ ಎರಡು ಮಡಚುವ ಆಧಾರ, ಲಾಕ್ ಆಗುವಂಥವು. ಲಾಕ್ ಬಿಡಿಸುವ ಗುಂಡಿ ಮಗಳ ಕೈಗೆ ಸುಲಭವಾಗಿ ಸಿಗದ ಕಡೆ.

ಅಂಚಿಗೆ 2 ಎಂಎಂ ಪಿವಿಸಿ ಪಟ್ಟಿ, ಯಂತ್ರದಲ್ಲಿ ಬಿಸಿಯಾಗಿ ಒತ್ತಿಸಿದ್ದು. ಆ ಯಂತ್ರ ಇಲ್ಲದ ಬಡಗಿಯಾದರೆ ಸಾಗವಾನಿಯ 2 ಸೂತಿನ ಪಟ್ಟಿ ಅಂಟಿಸಿ ಪಾಲಿಶ್ ಮಾಡಿಸಿ, ಅದೂ ಗಟ್ಟಿ. ಮೂಲೆಗಳನ್ನು 1 ಇಂಚು ತ್ರಿಜ್ಯಕ್ಕೆ ದುಂಡಾಗಿಸಲಿ, ಆ ದಾರಿಯಲ್ಲಿ ಸೊಂಟ ತಾಗುವುದು ಖಂಡಿತ. ಸನ್ಮೈಕಾ ಅಂಟಿಸಲು ಬಿಳಿ ಅಂಟು ಹಾಕಿ ರಾತ್ರಿಯಿಡೀ ಭಾರ ಹೇರಬೇಕು. ಬೇಗ ಮುಗಿಸಲು ಹಳದಿ ರಬ್ಬರ್ ಅಂಟು ಹಚ್ಚಿದರೆ ಬಿಸಿ ಕುಕ್ಕರ್ ಇಟ್ಟ ಕಡೆ ಮೆತ್ತಗಾಗಿ ಗುಳ್ಳೆ ಏಳುತ್ತದೆ.

ಧಾರವಾಡ ಟು ಕೋಥ್ರೂಡ್:

ಕಾಲಿನ ತಳಕ್ಕ ತಿರುವೋ ನೈಲಾನ್ ಬುಡ ಹಾಕಸ್ರಿ. ಬಾಲ್ಕನಿ ಕಡೆ, ಬಾಗಿಲ ಕಡೆ ಟೈಲ್ಸ್ ಸ್ವಲ್ಪ ಇಳಿಜಾರು ಇರತಾವ, ಕಾಗದ ಮಡಚಿ ಕಾಲಿನ ಕೆಳಗ ತುರುಕೋದು ತಪ್ಪತದ. ಮತ್ತ ಕೆಲಸ ಶುರು ಮಾಡೋಕ ಮೊದಲು ಸೊಸೈಟಿ ಆಫೀಸಿನಾಗ ಕೇಳ್ರಿ. ಮಧ್ಯಾಹ್ನ ಗರಗಸ ಓಡಸಾಕ ಭಾಳ ಕಡೆ ಬಿಡಂಗಿಲ್ಲ. ಪ್ಲೈ ಅಂಗಡಿಯೊಳಗೇ ಅಳತಿಗೆ ಕತ್ತರಿಸಿ ತಂದ್ರ ಧೂಳಿಲ್ಲ, 8 ಅಡಿ ಹಾಳಿ ಲಿಫ್ಟಿನಾಗ ಹಿಡಿಯಂಗಿಲ್ಲ ಅಂತ ಮೆಟ್ಟಲಾ ಹತ್ತಿಸೋ ಕೂಲೀನೂ ಉಳಿತದ.